ಮೊಂಡಾದ ಅಲಗು

"ಗುರುಗಳೇ, ಹೆದರಿಕೆ ಹುಟ್ಟಿಸುವ ವಸ್ತುವಿನಿಂದ ಒಬ್ಬ ದೂರ ಉಳಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ. ಸಭೆಯಲ್ಲಿ ಒಮ್ಮೆ ಮಾತು ತಪ್ಪಿ ನಗೆಪಾಟಲಾದ ಮೇಲೆ ಅವನು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದ.

ಗುರುಗಳು ಒಂದು ಕತೆ ಹೇಳಿದರು.

ಚಳಿಯ ದೇಶವೊಂದರಲ್ಲಿ ಒಬ್ಬ ಆಟಗಾರನಿದ್ದ. ಮಂಜುಗಡ್ಡೆಯ ಅಂಗಳದಲ್ಲಿ ಸಂಗೀತಕ್ಕೆ ತಕ್ಕಂತೆ ಜಾರುತ್ತ, ಕುಣಿಯುತ್ತ, ಗಾಳಿಯಲ್ಲಿ ಸುತ್ತು ಹಾಕಿ ಒಂಟಿ ಕಾಲಲ್ಲಿ ಇಳಿಯುವುದು ಅವನ ಆಟ. ನಮ್ಮ ಕಡೆ ಮಂಜುಗಡ್ಡೆ ಕಬ್ಬಿನ ಹಾಲಿಗೆ ಬಿಟ್ಟರೆ ಹೆಚ್ಚಿನ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಅದರ ಮೇಲೆ ಜನ ಬದುಕನ್ನೇ ಕಟ್ಟಿಕೊಳ್ಳುತ್ತಾರೆ. ಬೂಟಿನ ಅಡಿಗೆ ಒಂದು ಉಕ್ಕಿನ ಅಲಗು. ಅದರ ಅಂಚು ಮಂಜುಗಡ್ಡೆಯನ್ನು ಕಚ್ಚಿ ಹಿಡಿದರೆ ಮಾತ್ರ ಹಾರಲು ಸಾಧ್ಯ.

ಚಿಕ್ಕಂದಿನಿಂದಲೂ ಅವನು ಗೆಲ್ಲುತ್ತಲೇ ಬಂದ. ಒಂದು ದಿನ ಅಭ್ಯಾಸದಲ್ಲಿ ಬಿದ್ದಾಗ ಅವನದೇ ಬಲಗಾಲಿನ ಅಲಗು ಎಡಗಾಲಿನ ಮೀನಖಂಡವನ್ನು ಸೀಳಿತು. ಮಂಜುಗಡ್ಡೆ ಕೆಂಪಾಗುವುದನ್ನು ಬಿದ್ದಲ್ಲಿಂದಲೇ ನೋಡಿದ. ಗಾಯ ಮಾಯಿತು, ಹೆದರಿಕೆ ಹಾಗೇ ಉಳಿಯಿತು.

ಅಲಗಿಗೆ ಸಾಣೆ ಹಿಡಿಸಿದಾಗ ಆಟಗಾರರು ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದು ನೋಡುತ್ತಾರೆ. ಉಗುರು ಹೆರೆದು ಬಂದರೆ ಹರಿತವಾಗಿದೆ ಎಂದರ್ಥ. ಅವನು ಈಗ ಉಗುರು ಮುಟ್ಟಿಸಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಆ ಆಟದಲ್ಲಿ ಒಂದು ರೂಢಿಯಿದೆ. ಪಂದ್ಯ ಹತ್ತಿರವಿರುವಾಗ ಯಾರೂ ಸಾಣೆ ಹಿಡಿಸುವುದಿಲ್ಲ. ಹೊಸ ಹರಿತ ಅತಿಯಾಗಿ ಕಚ್ಚುತ್ತದೆ, ಕಾಲಿಗೆ ಒಗ್ಗಲು ಸ್ವಲ್ಪ ಕಾಲ ಬೇಕು. ಒಳ್ಳೆಯ ರೂಢಿಯೇ. ನಮ್ಮ ಆಟಗಾರ ಅದರ ಹಿಂದೆ ಅಡಗಿ ಕುಳಿತ.

"ಸಾಣೆ ಹಿಡಿಸಿದೆಯೇನಪ್ಪಾ?" ಎಂದು ತರಬೇತುದಾರರು ಕೇಳಿದರೆ, "ಪಂದ್ಯ ಹತ್ತಿರ ಬಂತಲ್ಲ ಸರ್, ಮುಗಿಯಲಿ" ಎನ್ನುತ್ತಿದ್ದ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹತ್ತಿರ ಬಂದಿರುತ್ತಿತ್ತು. ಗೆಲ್ಲುವವನಿಗೆ ಪಂದ್ಯಗಳಿಗೇನು ಬರ? ಮಾತು ರೂಢಿಗೆ ಸರಿಯಾಗಿದ್ದುದರಿಂದ ಅವರೂ ನಂಬಿದರು.

ಅಲಗು ದಿನದಿಂದ ದಿನಕ್ಕೆ ಮೊಂಡಾಯಿತು. ಅವನಿಗೆ ನೆಮ್ಮದಿಯಾಯಿತು ನೋಡು! ಮೊಂಡು ಅಲಗು ನುಣ್ಣಗೆ ಜಾರುತ್ತದೆ, ನೋಡುವವರಿಗೂ ಚೆನ್ನಾಗಿ ಕಾಣುತ್ತದೆ. ಹಾರುವಾಗ ಕಾಲು ಪಕ್ಕಕ್ಕೆ ಸರಿಯುತ್ತಿದ್ದುದನ್ನು ಸೊಂಟ ತಿರುಗಿಸಿ ಹೇಗೋ ಸರಿದೂಗಿಸುತ್ತಿದ್ದ. ಕಷ್ಟದ ಜಿಗಿತಗಳನ್ನು ಅಭ್ಯಾಸದಲ್ಲಿ ಬಿಡುತ್ತ ಬಂದ. ಶಕ್ತಿ ಉಳಿಸಿಕೊಳ್ಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

ಕೊನೆಗೆ ಇಡೀ ಜಗತ್ತಿನ ಪಂದ್ಯ ಬಂತು. ಅವನ ವಯಸ್ಸಿಗೆ ಇನ್ನೊಂದು ಅವಕಾಶವಿರಲಿಲ್ಲ. ಬಾಳೆಲ್ಲ ದುಡಿದದ್ದು ಈ ಒಂದು ದಿನಕ್ಕೆ. ಅಂಗಳಕ್ಕೆ ಕಾಲಿಟ್ಟಾಗಲೇ ಅವನಿಗೆ ಗೊತ್ತಾಯಿತು, ಅಲ್ಲಿನ ಮಂಜುಗಡ್ಡೆ ತನ್ನೂರಿನದಕ್ಕಿಂತ ಗಟ್ಟಿ. ಅಲಗಿಗೆ ಹಿಡಿತವೇ ಸಿಗುತ್ತಿಲ್ಲ. ಸಾಣೆ ಹಿಡಿಸಲು ಈಗ ವೇಳೆಯಿಲ್ಲ, ಯಾರಿಗೂ ಹೇಳುವ ಹಾಗೂ ಇಲ್ಲ. ಅಷ್ಟು ಜನರ ನಡುವೆ ಒಬ್ಬನೇ ನಿಂತ. ಸಂಗೀತ ಶುರುವಾಯಿತು.

ಹಾರಲೆಂದು ಎಡಗಾಲನ್ನು ಒತ್ತಿದ. ಅಲಗು ಕಚ್ಚಲಿಲ್ಲ. ಸರ್ರನೆ ಪಕ್ಕಕ್ಕೆ ಜಾರಿತು, ಅವನು ನೆಲ ಬಿಡುವ ಮೊದಲೇ ಬಿದ್ದ. ಎದ್ದು ಮತ್ತೆ ಒತ್ತಿದ, ಮತ್ತೆ ಜಾರಿದ. ಬಿದ್ದವನಿಗಾಗಿ ಸಂಗೀತ ಕಾಯಲಿಲ್ಲ. ಹಾರಬೇಕಾದ ಜಾಗಗಳು ಇನ್ನೂ ಮುಂದಿದ್ದವು. ಅವು ಬಂದಾಗಲೆಲ್ಲ ಕಾಲು ಎತ್ತದೆ ಸುಮ್ಮನೆ ಜಾರಿಕೊಂಡು ಹೋದ. ಜನ ಅಯ್ಯೋ ಎಂದರು.

ಹೊರಗೆ ಬಂದಾಗ ತರಬೇತುದಾರರು ಅವನ ಬೂಟು ಬಿಚ್ಚಿ ಅಲಗಿನ ಮೇಲೆ ಉಗುರು ಎಳೆದು ನೋಡಿದರು. ಉಗುರಿಗೆ ಏನೂ ಆಗಲಿಲ್ಲ. ಬೂಟನ್ನು ಅವನ ಪಕ್ಕದಲ್ಲಿಟ್ಟು ಎದ್ದು ಹೋದರು.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅಲಗು ಹರಿತವಾಗಿದ್ದರೂ ಅವನು ಬೀಳಬಹುದಿತ್ತಲ್ಲವೇ ಗುರುಗಳೇ? ಮತ್ತೆ ಕಾಲು ಸೀಳಬಹುದಿತ್ತಲ್ಲವೇ?"

"ಬೀಳಬಹುದಿತ್ತು, ಸೀಳಲೂಬಹುದಿತ್ತು, ಆದರೆ ಹಾರಿದ ಮೇಲೆ ಬೀಳುತ್ತಿದ್ದ."