ಕೆಂಪಾಜಮ್ಮನ ಮಗ ಊರು ತೋರಿಸಿದ್ದು

ನಗುವವರು ಮುಂದಕ್ಕೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಇದು ಕೆಂಪಾಜಮ್ಮನ ಕತೆ, ಅವಳ ಮಗ ಈರಭದ್ರನ ಕತೆ. ಈರಭದ್ರ ಅಂತ ಹೆಸರಿಡುವಾಗ ಪಾಪ, ಅವಳಿಗೇನು ಗೊತ್ತಿತ್ತು!

ಅದೊಂದು ದೊಡ್ಡ ಪಟ್ಟಣ. ಅರಮನೆ ಇರುವ ಪಟ್ಟಣ. ಅಲ್ಲಿ ಗಡಿಯಾರದ ಕಂಬದ ಹಿಂದೆ ಕೆಂಪಾಜಮ್ಮನ ಬೋಂಡದ ಗಾಡಿ. ಗಂಡ ಸತ್ತು ಬಹಳ ವರ್ಷವಾಗಿತ್ತು. ಉಳಿದದ್ದು ಒಂದು ಬಾಣಲೆ, ಒಬ್ಬ ಮಗ. ಮಗ ಸೋಮಾರಿಯೇ? ಅಲ್ಲ. ಕಳ್ಳನೇ, ಕುಡುಕನೇ? ಅದೂ ಅಲ್ಲ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನೇ ಮಾಡುತ್ತಾನೆ! ಅದೇ ಅವಳ ಗ್ರಹಚಾರವಾಗಿತ್ತು.

“ಅನ್ನ ಉಕ್ಕಿದ್ರೆ ಕೂಗು ಮಗಾ” ಅಂತ ಹೇಳಿ ನೀರು ತರಲು ಹೋದಳು. ಬಂದು ನೋಡಿದರೆ ಮನೆ ತುಂಬ ಹೊಗೆ.

“ಯಾಕ್ಲಾ ಕೂಗ್ಲಿಲ್ಲ?”

“ಉಕ್ಕಲಿಲ್ಲ ಕಣವ್ವ, ಸೀದೋಯ್ತು. ಸೀದೋದ್ರೆ ಕೂಗು ಅಂತ ನೀನೆಲ್ಲಿ ಹೇಳಿದ್ದೆ?”

ಇಂಥವನಿಗೆ ಮೂವತ್ತು ತುಂಬಿತು. ತನ್ನ ಉಸಿರು ಇರುವಾಗಲೇ ಇವನಿಗೊಂದು ಹೆಣ್ಣು ಕಟ್ಟಬೇಕು, ಈ ಬುದ್ಧಿ ಹೇಳುವ ಕೆಲಸವನ್ನು ಇನ್ನೊಬ್ಬಳ ಕೈಗೆ ಒಪ್ಪಿಸಬೇಕು ಅನ್ನುವುದೊಂದೇ ಕೆಂಪಾಜಮ್ಮನ ಚಿಂತೆ. ಹುಡುಗನನ್ನು ನೋಡಲು ಹೆಣ್ಣಿನ ಕಡೆಯವರು ಬಂದರು, ಬಂದರು, ಬರುತ್ತಲೇ ಇದ್ದರು. ಕಾಲು ಗಂಟೆ ಅವನ ಮುಖ ನೋಡುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಹೋಗುತ್ತಿದ್ದರು. ಆಮೇಲೆ ಸುದ್ದಿಯೇ ಇಲ್ಲ.

ಕೆಂಪಾಜಮ್ಮ ಯೋಚನೆ ಮಾಡಿದಳು. ಹಗಲು ಹೊತ್ತು ಕರೆದರೆ ಎಲ್ಲರೂ ಹುಡುಗನನ್ನೇ ನೋಡುತ್ತಾರೆ. ರಾತ್ರಿ ಕರೆದರೆ? ಊರು ನೋಡುತ್ತಾರೆ! ಆಗ ಸೋಗೆಕೊಪ್ಪಲು ಎಂಬ ಹಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿದ್ದ ಸಿಂಗ್ರಿಗೌಡ, ಅವನ ಒಬ್ಬಳೇ ಮಗಳು ಜಯಶೀಲ. ಕೆಂಪಾಜಮ್ಮ ಹೇಳಿ ಕಳಿಸಿದಳು: “ನಮ್ಮೂರು ಹಗಲಲ್ಲಿ ನೋಡೋ ಊರಲ್ಲ ಕಣ್ರಪ್ಪ. ಭಾನುವಾರ ಸಂಜೆ ಬನ್ನಿ. ಅರಮನೆಗೆ ದೀಪ ಹಾಕ್ತಾರೆ. ನಮ್ಮ ಹುಡುಗನೇ ಜೊತೇಲಿದ್ದು ತೋರಿಸ್ತಾನೆ.”

ಮೊದಲು ಬಂದವನು ಹುಡುಗಿಯ ಸೋದರಮಾವ ದಾಸೇಗೌಡ. ಸಂಜೆ ಬೋಂಡದ ವ್ಯಾಪಾರ ಬಿಟ್ಟು ಕೆಂಪಾಜಮ್ಮ ಹೋಗುವ ಹಾಗಿಲ್ಲ. ಮಗನನ್ನು ಪಕ್ಕಕ್ಕೆ ಕರೆದು ಹೇಳಿದಳು: “ಮಾವಯ್ಯನ್ನ ಅರಮನೆ ಮುಂದಕ್ಕೆ ಕರ್ಕೊಂಡೋಗು. ದೀಪ ಹತ್ತಿದ ತಕ್ಷಣ ತೋರ್ಸು. ತೋರ್ಸಿ ಸೀದಾ ಮನೆಗೆ ಕರ್ಕೊಂಬಾ. ಊಟ ಆರೋಗುತ್ತೆ.”

“ಆಯ್ತವ್ವ!”

ಐದು ಗಂಟೆಗೇ ಹೋಗಿ ನಿಂತರು. ಕಾಲು ಸೋತಿತು. ಏಳು ಹೊಡೆಯಿತು. ಫಳ್ ಎಂದು ಅಷ್ಟೂ ದೀಪ ಒಟ್ಟಿಗೆ ಹತ್ತಿದವು. ಪರಸ್ಥಳದ ಜನವೆಲ್ಲ “ಹೋ” ಎಂದರು. ದಾಸೇಗೌಡನೂ ಹೋ ಅನ್ನಲು ಬಾಯಿ ತೆರೆದ.

“ಕಾಣ್ತಾ ಮಾವಯ್ಯ?”

“ಕಾಣ್ತು ಕಣಪ್ಪಾ, ಅಬ್ಬಬ್ಬಾ...”

“ಹಂಗಾದ್ರೆ ನಡೀರಿ!”

ರಟ್ಟೆ ಹಿಡಿದ, ಎಳೆದ. ಮಾವಯ್ಯನ ಟವೆಲು ಅಲ್ಲೇ ಬಿತ್ತು, ಒಂದು ಚಪ್ಪಲಿ ಇಲ್ಲಿ ಬಿತ್ತು. “ಬಿಡೋ! ನೋಡೋಕೆ ಬಿಡೋ!” ಅಂದರೆ, “ನೋಡಾಯ್ತಲ್ಲ, ಊಟ ಆರೋಗುತ್ತೆ!” ಎಂದು ಮನೆ ಬಾಗಿಲವರೆಗೂ ಓಡಿಸಿಕೊಂಡು ಬಂದ.

ಇಷ್ಟಾದ ಮೇಲೆ ಸಂಬಂಧ ಮುರಿಯಬೇಕಿತ್ತು, ಹೌದೋ ಇಲ್ಲವೋ? ಮುರಿಯಲಿಲ್ಲ! ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ, ಕಣ್ಣು ಮಿಟುಕಿಸುವಷ್ಟು ಹೊತ್ತು ನೋಡಿ ಬಂದೆ ಅಂತ ಯಾವ ಗಂಡಸು ತಾನೇ ಊರಲ್ಲಿ ಹೇಳುತ್ತಾನೆ? ದಾಸೇಗೌಡ ಅರಳಿಕಟ್ಟೆ ಮೇಲೆ ಕೂತು ಮೀಸೆ ತಿರುವಿದ. “ಎರಡು ಗಂಟೆ ನೋಡ್ದೆ ಕಣ್ರೋ! ದೀಪ ಎಣಿಸಿ ಎಣಿಸಿ ಕಣ್ಣು ನೋವು ಬಂತು! ಹುಡುಗನಾ? ಹುಡುಗ ಚಿನ್ನ!”

ಇದನ್ನು ಕೇಳಿ ಸಿಂಗ್ರಿಗೌಡನ ಅಕ್ಕ ಲಕ್ಕಮ್ಮ ಎದ್ದಳು. “ಗಂಡ್ಸು ನೋಡಿದ್ರೆ ಆಯ್ತಾ? ನಾನೂ ಒಂದ್ಸಲ ಹುಡುಗನ್ನ ನೋಡ್ಬೇಕು.” ಹುಡುಗನನ್ನು ನೋಡಲು ಜರಿ ಸೀರೆ ಯಾಕೆ, ತಲೆ ತುಂಬ ಹೂವು ಯಾಕೆ ಅಂತ ಯಾರೂ ಕೇಳಲಿಲ್ಲ.

ಇತ್ತ ಕೆಂಪಾಜಮ್ಮ ಮಗನ ಬೆನ್ನಿಗೆ ಎರಡು ಗುದ್ದು ಗುದ್ದಿದಳು. “ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ! ನೆಂಟ್ರನ್ನ ಎಳ್ಕೊಂಡು ಬರ್ತಾರೇನ್ಲಾ? ಬಲವಂತ ಮಾಡ್ಬೇಕು ಕಣೋ, ಬಲವಂತ! ನೆಂಟ್ರಿಗೆ ಸಂಕೋಚ ಇರುತ್ತೆ. ಸಾಕು ಅಂತಾರೆ. ಸಾಕು ಅಂದ್ರೆ ಬಿಡಬಾರ್ದು. ಇನ್ನೊಂಚೂರು, ಇನ್ನೊಂಚೂರು ಅನ್ಬೇಕು. ಬ್ಯಾಡವೇ ಬ್ಯಾಡ ಅಂತ ಕೈ ಅಡ್ಡ ಹಿಡಿದ್ರೂ ಬಿಡಬಾರ್ದು. ಅದು ಮರ್ಯಾದೆ!”

“ಆಯ್ತವ್ವ!”

ಮುಂದಿನ ಭಾನುವಾರ ಲಕ್ಕಮ್ಮ ಬಂದಳು. ಈರಭದ್ರ ಅವಳನ್ನು ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಜಾಯಿಂಟ್ ವೀಲ್. ಮೇಲೆ ಹೋದರೆ ಇಡೀ ಪಟ್ಟಣದ ದೀಪ ಕಾಣುತ್ತದೆ. ಲಕ್ಕಮ್ಮ ಹತ್ತಿ ಕೂತಳು, ಈರಭದ್ರ ಕೆಳಗೆ ನಿಂತ. ಮೊದಲ ಸುತ್ತಿಗೆ “ಆಹಾಹಾ!” ಎಂದಳು. ಎರಡನೆಯದಕ್ಕೆ “ಅಯ್ಯಯ್ಯೋ!” ಎಂದಳು. ಮೂರನೆಯದಕ್ಕೆ ತಲೆಯ ಹೂವು ಬಿಚ್ಚಿ ಕೆಳಗೆ ಬಿತ್ತು.

“ಸಾಕು ಕಣಪ್ಪೋ!”

“ಇನ್ನೊಂಚೂರು ಅತ್ತೆಮ್ಮ!”

“ಬ್ಯಾಡ ಕಣೋ, ನಿನ್ನ ದಮ್ಮಯ್ಯ!”

“ಹಂಗನ್ಬೇಡಿ! ಇನ್ನೊಂಚೂರು!”

ಯಂತ್ರದವನಿಗೇ ಕರುಣೆ ಬಂತು. “ಇಳಿಸ್ಲೇನಣ್ಣ? ಆಯಮ್ಮ ಎರಡು ಕೈಲೂ ಬ್ಯಾಡ ಅಂತವ್ರೆ.”

“ತಿರುಗ್ಸು ತಿರುಗ್ಸು, ಸಂಕೋಚ ಪಡ್ತವ್ರೆ!”

ಹನ್ನೊಂದು ಸುತ್ತು! ಇಳಿಸಿದಾಗ ಲಕ್ಕಮ್ಮನ ಕಣ್ಣು ಮುಚ್ಚಿತ್ತು, ತಲೆ ಅತ್ತ ಇತ್ತ ವಾಲುತ್ತಿತ್ತು. ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದ. ಆದರೆ ಸೋಗೆಕೊಪ್ಪಲಿಗೆ ಹೋದ ಲಕ್ಕಮ್ಮ ಏನಂದಳು ಗೊತ್ತೇ? “ಆಕಾಶದಲ್ಲಿ ಓಡಾಡ್ಬಿಟ್ಟು ಬಂದೆ ಕಣ್ರೇ! ಅಲ್ಲಿಂದ ನಮ್ಮೂರ ಬಾವಿ ಕಾಣುತ್ತೆ! ಉಪಚಾರ ಅಂದ್ರೆ ಆ ಹುಡುಗಂದು!” ಬಾವಿ ಕಾಣುತ್ತದೆಯಂತೆ, ಬಾವಿ.

ಕೆಂಪಾಜಮ್ಮ ಈ ಸಲ ಸೌಟು ಎತ್ತಿಕೊಂಡಳು. “ಕಣ್ಣು ಮುಚ್ಚಿ ತಲೆ ವಾಲಿಸ್ತಾ ಇದ್ರೆ ಏನರ್ಥ ಮುಂಡೇದೇ? ತಲೆ ಸುತ್ತು ಬಂದದೆ ಅಂತ! ಹೊತ್ಕೊಂಡು ಬರೋದಲ್ಲ, ಮೊದ್ಲು ಮುಖಕ್ಕೆ ತಣ್ಣೀರು ಎರಚಬೇಕು. ಎಚ್ಚರ ಆಗೋವರೆಗೂ ಎರಚಬೇಕು. ಇನ್ಮೇಲೆ ನೆಂಟ್ರ ಜೊತೆ ಹೋದ್ರೆ ನೀರಿಟ್ಕೊಂಡು ಹೋಗು!”

“ಆಯ್ತವ್ವ!”

ಮೂರನೇ ಭಾನುವಾರ ಸಿಂಗ್ರಿಗೌಡನ ಅಪ್ಪ, ತೊಂಬತ್ತರ ತಾತ, ಕೋಲೂರಿಕೊಂಡು ಬಂದ. ಸಾಯುವುದರೊಳಗೆ ಹುಡುಗನನ್ನು ನೋಡಬೇಕಂತೆ. ಅವತ್ತು ಅರಮನೆ ಬಯಲಲ್ಲಿ ಸಂಗೀತ ಕಛೇರಿ. ಈರಭದ್ರ ಒಂದು ಕೈಯಲ್ಲಿ ತಾತನನ್ನು ಹಿಡಿದ, ಇನ್ನೊಂದು ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದ.

ಮುಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಮನುಷ್ಯರು, ಶಾಲು ಹೊದ್ದವರು. ವಿದ್ವಾಂಸರು ಆಲಾಪನೆ ಶುರು ಮಾಡಿದರು. ಶಾಲಿನವರೆಲ್ಲ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದರು, ತಲೆ ತೂಗಿದರು. ಎಷ್ಟು ಜನ ರಾಗದಲ್ಲಿದ್ದರೋ, ಎಷ್ಟು ಜನ ನಿದ್ದೆಯಲ್ಲಿದ್ದರೋ, ಅವರಿಗೇ ಗೊತ್ತು. ಈರಭದ್ರ ಬಕೆಟ್ಟು ಎತ್ತಿದ.

“ಅಯ್ಯಯ್ಯೋ! ಸಾಲಿಗೆ ಸಾಲೇ ಹೋಯ್ತಲ್ಲಪ್ಪೋ!”

ಎರಚಿದ ನೋಡಿ! ಈ ಕಡೆಯಿಂದ ಆ ಕಡೆಗೆ ಎರಚಿದ, ಆ ಕಡೆಯಿಂದ ಈ ಕಡೆಗೆ ಎರಚಿದ. ವೇದಿಕೆ ಮೇಲಿದ್ದ ವಿದ್ವಾಂಸರೂ ಕಣ್ಣು ಮುಚ್ಚಿದ್ದರಲ್ಲ, ಅವರಿಗೂ ಒಂದು ಪಾಲು. ಪಕ್ಕದಲ್ಲಿದ್ದ ಮೃದಂಗಕ್ಕೂ ಬಿತ್ತು. ಕೊನೆಗೆ ಉಳಿದದ್ದನ್ನು ತಾತನ ತಲೆ ಮೇಲೆ ಸುರಿದ. “ತಾತೋ, ಎಚ್ಚರ ಆಯ್ತಾ?” ಅಂತ ಕಿವಿಯಲ್ಲಿ ಕೂಗಿದ. ಇಬ್ಬರನ್ನೂ ಹಿಡಿದು ಆಚೆ ನೂಕಿದರು.

ತಾತ ಹಳ್ಳಿಗೆ ಹೋಗಿ, ಸೀನುತ್ತ ಸೀನುತ್ತ ಹೇಳಿದ: “ಸಂಗೀತದಲ್ಲಿ ಮಿಂದು ಬಂದೆ ಕಣ್ರಪ್ಪ. ದೊಡ್ಡ ಮನುಷ್ಯರ ಪಕ್ಕದಲ್ಲೇ ನನ್ನ ಕೂರಿಸಿದ್ದ. ಹುಡುಗ ಒಪ್ಪಿಗೆ!”

ಮೂವರು ಹೊಗಳಿದ ಮೇಲೆ ಸಿಂಗ್ರಿಗೌಡನಿಗೆ ತಡೆಯಲಾಗಲಿಲ್ಲ. ಹೇಳಿ ಕಳಿಸಿದ: “ಬರೋ ಭಾನುವಾರ ಎಲ್ಲಾರೂ ಬರ್ತೀವಿ, ಮಗಳನ್ನೂ ಕರ್ಕೊಂಡು. ತಾಂಬೂಲ ಬದಲಾಯಿಸ್ಕೊಳ್ಳೋಣ. ಮನೇಲಿ ಬ್ಯಾಡ, ಅರಮನೆ ಎದುರಿಗೇ, ದೀಪ ಇರೋವಾಗ. ಫೋಟೋದಲ್ಲಿ ಅರಮನೆ ಬರ್ಬೇಕು.”

ಕೆಂಪಾಜಮ್ಮ ಅವತ್ತು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಗನ ಎರಡು ಕೆನ್ನೆ ಹಿಡಿದು ಅತ್ತಳು. “ನಿಂಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆ ಸವೆದೋಯ್ತು ಕಣೋ. ಇದೊಂದು ಸಲ, ಇದೊಂದೇ ಸಲ, ನಿನ್ನ ತಲೆ ಓಡಿಸ್ಬೇಡ. ಸಿಂಗ್ರಿಗೌಡ್ರು ನಿಂತ್ರೆ ನಿಲ್ಲು, ಕೂತ್ರೆ ಕೂತ್ಕೊ. ಸಭೇಲಿ ಹೆಂಗ್ಸು ನಾನು ಮಾತಾಡಂಗಿಲ್ಲ, ನಮ್ಮನೆ ಗಂಡ್ಸು ನೀನೇ. ಅವ್ರು ಅವ್ರ ಮನೆ ಪರವಾಗಿ ಹೆಂಗೆ ಮಾತಾಡ್ತಾರೋ, ನೀನು ನಮ್ಮನೆ ಪರವಾಗಿ ಹಂಗೇ ಮಾತಾಡು. ಅವ್ರು ಏನು ಮಾಡಿದ್ರೆ ಅದೇ ಮಾಡು. ಅಷ್ಟೇ!”

“ಅಷ್ಟೇನಾ? ಆಯ್ತವ್ವ!”

ನಾಲ್ಕನೇ ಭಾನುವಾರ. ಕೆಂಪಾಜಮ್ಮ ಮೊದಲ ಸಲ ಗಾಡಿ ಮುಚ್ಚಿ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟಳು. ಅರಮನೆಗೆ ದೀಪ ಹತ್ತಿತು. ಸಿಂಗ್ರಿಗೌಡ ತಲೆ ಎತ್ತಿದ, ಈರಭದ್ರ ತಲೆ ಎತ್ತಿದ. ಸಿಂಗ್ರಿಗೌಡ “ಹೂಂ” ಎಂದ, ಈರಭದ್ರ “ಹೂಂ” ಎಂದ. ಸಿಂಗ್ರಿಗೌಡ ಬೆನ್ನ ಹಿಂದೆ ಕೈ ಕಟ್ಟಿ ನಡೆದ, ಈರಭದ್ರನೂ ಕೈ ಕಟ್ಟಿ ನಡೆದ.

“ಎಷ್ಟು ಗಂಭೀರ ನೋಡ್ರಯ್ಯ ಹುಡುಗ! ಒಂದು ಮಾತು ಹೆಚ್ಚಿಲ್ಲ” ಎಂದ ಸಿಂಗ್ರಿಗೌಡ. ಕೆಂಪಾಜಮ್ಮನಿಗೆ ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡಳು. ಮೂವತ್ತು ವರ್ಷಕ್ಕೆ ಒಂದು ಬುದ್ಧಿಮಾತು ಫಲಿಸಿತಲ್ಲ ಅಂತ ಎಲ್ಲ ದೇವರಿಗೂ ಕೈ ಮುಗಿದಳು.

ಚಾಪೆ ಹಾಸಿದರು. ಎರಡು ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟರು. ಏನೋ ವಿಶೇಷ ಅಂತ ಊರು ನೋಡಲು ಬಂದ ಜನವೆಲ್ಲ ಸುತ್ತ ಸೇರಿದರು, ಮೊಬೈಲು ಎತ್ತಿ ಹಿಡಿದರು. ಅರಮನೆಗೆ ಬೆನ್ನು ತಿರುಗಿಸಿಕೊಂಡು ಇವರ ಫೋಟೋ ತೆಗೆದರು!

ಸಿಂಗ್ರಿಗೌಡ ಎದ್ದು ನಿಂತು ತಟ್ಟೆ ಎತ್ತಿದ, ಗಂಟಲು ಸರಿಮಾಡಿಕೊಂಡ. “ಪಂಚರ ಎದುರಿಗೆ ಹೇಳ್ತಿದ್ದೀನಿ. ನನ್ನ ಮಗಳು ಜಯಶೀಲನ್ನ ನಿಮ್ಮನೆಗೆ ಕೊಟ್ಟೆ. ಅವಳಿಗೆ ಅಷ್ಟಾಗಿ ಏನೂ ಗೊತ್ತಿಲ್ಲ. ತಪ್ಪು ಮಾಡಿದ್ರೆ ನೀವೇ ತಿದ್ಕೊಳ್ಳಿ. ಇನ್ನು ಅವಳ ಕಷ್ಟಸುಖ ನಿಮ್ದು.”

ತಟ್ಟೆ ಕೊಟ್ಟ. ಈರಭದ್ರ ತೆಗೆದುಕೊಂಡ. ಇನ್ನೊಂದು ತಟ್ಟೆ ಎತ್ತಿದ, ಗಂಟಲು ಸರಿಮಾಡಿಕೊಂಡ.

“ಪಂಚರ ಎದುರಿಗೆ ಹೇಳ್ತಿದ್ದೀನಿ. ನಮ್ಮವ್ವ ಕೆಂಪಾಜಮ್ಮನ್ನ ನಿಮ್ಮನೆಗೆ ಕೊಟ್ಟೆ. ಅವಳಿಗೂ ಅಷ್ಟಾಗಿ ಏನೂ ಗೊತ್ತಿಲ್ಲ. ದಿನಾ ಬುದ್ಧಿ ಹೇಳ್ತಾಳೆ, ಒಂದೂ ಸರಿಹೋಗಲ್ಲ. ನೀವೇ ತಿದ್ಕೊಳ್ಳಿ. ಇನ್ನು ಅವಳ ಕಷ್ಟಸುಖ ನಿಮ್ದು!”

ತಟ್ಟೆ ಸಿಂಗ್ರಿಗೌಡನ ಕೈಗೆ ಬಂದೇಬಿಟ್ಟಿತು. ಸುತ್ತ ಇದ್ದವರು ಇದೇ ಇಲ್ಲಿನ ಪದ್ಧತಿ ಇರಬೇಕು ಅಂತ ಚಪ್ಪಾಳೆ ತಟ್ಟಿದರು. ತಡೆಯಲು ದಾಸೇಗೌಡ ಬಾಯಿ ತೆರೆದ. ಹುಡುಗ ಚಿನ್ನ ಅಂದವನು ಅವನೇ, ಮುಚ್ಚಿಕೊಂಡ. ಲಕ್ಕಮ್ಮ ಬಾಯಿ ತೆರೆದಳು. ಬಾವಿ ಕಂಡವಳು ಅವಳೇ, ಮುಚ್ಚಿಕೊಂಡಳು. ತಾತ ಮಾತ್ರ ಕೋಲು ಕುಟ್ಟಿ ತೀರ್ಪು ಕೊಟ್ಟ: “ಕೈಗೆ ಬಂದ ತಾಂಬೂಲ ಹಿಂದಕ್ಕೆ ಕೊಡಂಗಿಲ್ಲ. ಇದು ಕೊಟ್ಟು ತರೋ ಸಂಬಂಧ ಆಯ್ತು, ಬಿಡ್ರಯ್ಯ. ಹೆಣ್ಣು ಕೊಟ್ವಿ, ಹೆಣ್ಣು ತಂದ್ವಿ.”

ಜಯಶೀಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪನಿಗೆ ಅಳುವ ಹಾಗೆ ಕಂಡಿತು. ಏನೂ ತೋಚದೆ ಟವೆಲಿನಿಂದ ಕಣ್ಣೊರೆಸಿಕೊಂಡು, ಮಗಳ ತಲೆ ಮೇಲೆ ಕೈಯಿಟ್ಟ. “ಅಳ್ಬೇಡ ಮಗಾ. ಸೇರಿದ ಮನೇಲಿ ಎದುರು ಮಾತಾಡ್ಬೇಡ. ಅವ್ರು ಹೇಳ್ದಂಗೆ ಕೇಳು.”

ಈರಭದ್ರನೂ ಕಣ್ಣೊರೆಸಿಕೊಂಡು, ಅವ್ವನ ತಲೆ ಮೇಲೆ ಕೈಯಿಟ್ಟ. “ಅಳ್ಬೇಡವ್ವ. ಸೇರಿದ ಮನೇಲಿ ಎದುರು ಮಾತಾಡ್ಬೇಡ. ಅವ್ರು ಹೇಳ್ದಂಗೆ ಕೇಳು.”

ಕೆಂಪಾಜಮ್ಮ ಹೊಡೆಯಲು ಕೈ ಎತ್ತಿದಳು, ಕೈ ಇಳಿಯಿತು. ಬುದ್ಧಿ ಹೇಳಲು ಬಾಯಿ ತೆರೆದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಹೇಳಲು ಒಂದು ಬುದ್ಧಿಮಾತೂ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ಫೋಟೋದವನು ಕೂಗಿದ: “ದೀಪ ಆರಿಸ್ಬಿಡ್ತಾರೆ, ಬೇಗ ಬೇಗ! ಹೆಣ್ಣುಗಳಿಬ್ರೂ ಮುಂದಕ್ಕೆ ಬನ್ನಿ! ವಸಿ ನಗಿ!”

ಜಯಶೀಲ ಮುಂದಕ್ಕೆ ಬಂದಳು. ಕೆಂಪಾಜಮ್ಮನೂ ಬಂದಳು, ಸೆರಗು ಸರಿಮಾಡಿಕೊಂಡಳು, ಹೇಳಿದ ಹಾಗೆ ವಸಿ ನಕ್ಕಳು.