ಹಿಡಿಗೆ ಕಟ್ಟಿದ ಹರಕೆಕಾಯಿ

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಬೇಸತ್ತ ದನಿಯಲ್ಲಿ ಕೇಳಿದ:

“ಗುರುಗಳೇ, ವರ್ಷಗಳಿಂದ ಜಪ ಮಾಡುತ್ತಿದ್ದೇನೆ, ನೆಮ್ಮದಿ ಇಲ್ಲ. ಸೋಮವಾರದ ಉಪವಾಸ ಹಿಡಿದೆ, ಆಗಲೂ ಇಲ್ಲ. ಈಗ ಮಧ್ಯಾಹ್ನದ ಊಟದವರೆಗೆ ಮೌನವನ್ನೂ ಹಿಡಿದಿದ್ದೇನೆ. ನನ್ನೊಡನೆ ಮಾತು ಬಿಟ್ಟಿದ್ದ ಅಣ್ಣ ಮೊನ್ನೆ ಬೆಳಗ್ಗೆ ತಾನಾಗಿಯೇ ಬಂದು ಜಗಲಿಯ ಮೇಲೆ ಕುಳಿತ. ವ್ರತ ಕೆಡಬಾರದೆಂದು ಅವನೆದುರು ಕೂಡ ತುಟಿ ಬಿಚ್ಚಲಿಲ್ಲ. ಕಾದು ಕಾದು ಎದ್ದು ಹೋದ. ಇಷ್ಟು ನಿಷ್ಠೆಯಿಂದ ನಡೆದರೂ ಒಳಗೆ ಏನೂ ಹೊತ್ತಿಕೊಳ್ಳುತ್ತಿಲ್ಲ. ಇನ್ನೇನು ಸೇರಿಸಲಿ, ನೀವೇ ಹೇಳಿ.”

ಗುರುಗಳು ಒಂದು ಕತೆ ಹೇಳಿದರು.

ಸೇವಂತಿಗೆ ಬೆಳೆಯುವ ಒಬ್ಬ ರೈತನಿದ್ದ. ಅವನದೊಂದು ಹಳೆಯ ಡೀಸೆಲ್ ಪಿಕಪ್. ಈಗಿನ ಗಾಡಿಗಳ ಹಾಗೆ ಬೀಗದ ಕೈ ತಿರುಗಿಸಿದರೆ ಅದರ ಇಂಜಿನ್ ಆರುತ್ತಿರಲಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿ, ಕೆಳಗೆ, ಒಂದು ಪುಟ್ಟ ಹಿಡಿ ಇತ್ತು. ಅದನ್ನು ಕೆಳಕ್ಕೆ ಎಳೆದು ಹಿಡಿದರೆ ಇಂಜಿನ್ನಿಗೆ ಡೀಸೆಲ್ ನಿಂತು ಗಾಡಿ ಆರುತ್ತಿತ್ತು. ಕೈ ಬಿಟ್ಟರೆ ಹಿಡಿ ತಾನಾಗಿ ಮೇಲೇರುತ್ತಿತ್ತು.

ರೈತನ ತಂಗಿಯ ಮಗಳ ಮದುವೆ ಹತ್ತಿರ ಬಂತು. ಅಮಾವಾಸ್ಯೆಯ ದಿನ ಗಾಡಿಗೆ ಪೂಜೆ ಮಾಡಿ, ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಎಲ್ಲ ಸುಸೂತ್ರವಾಗಲಿ ಎಂದು ಹರಕೆ ಹೊತ್ತು, ಒಂದು ತೆಂಗಿನಕಾಯಿಯನ್ನು ಹಳದಿ ಬಟ್ಟೆಯಲ್ಲಿ ಗಂಟು ಹಾಕಿ, ತೂಗುಹಾಕಲು ಜಾಗ ನೋಡಿದ. ದೇವರ ಪಟದ ಕೆಳಗೇ ಆ ಹಿಡಿ ಕಂಡಿತು. ಅದಕ್ಕೆ ಕಟ್ಟಿ ಕೈ ಮುಗಿದ. ಮದುವೆಯವರೆಗೆ ಗಾಡಿಗೆ ಕೆಲಸ ಬೀಳಲಿಲ್ಲ.

ಮದುವೆಯ ಬೆಳಗ್ಗೆ ಮಂಟಪದ ಹೂವನ್ನೆಲ್ಲ ಗಾಡಿಗೆ ತುಂಬಿದ. ಅವರ ಪದ್ಧತಿಯಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಹುಡುಗಿಗೆ ಇದ್ದವನು ಇವನೊಬ್ಬನೇ. ಹೊಸ ಪಂಚೆ ಉಟ್ಟು, ಕುಳಿತು, ಬೀಗದ ಕೈ ತಿರುಗಿಸಿದ. ಇಂಜಿನ್ ಗರಗರ ತಿರುಗಿತು. ಹೊತ್ತಿಕೊಳ್ಳಲಿಲ್ಲ.

ಬ್ಯಾಟರಿ ಸೋತಿದೆ ಎಂದುಕೊಂಡ. ನೆರೆಯವನನ್ನು ಕರೆದು ಅವನ ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿದ. ಇನ್ನೂ ಜೋರಾಗಿ ತಿರುಗಿತು, ಅಷ್ಟೆ. ಟ್ಯಾಂಕಿಗೆ ಕಡ್ಡಿ ಇಳಿಸಿದ, ಡೀಸೆಲ್ ಇತ್ತು. ಫಿಲ್ಟರ್ ತೊಳೆದ. ಕೊಳವೆಯಲ್ಲಿ ಗಾಳಿ ಸೇರಿರಬೇಕೆಂದು ತಿರುಪು ಸಡಿಲಿಸಿ ಗಾಳಿ ಬಿಟ್ಟ. ಹೊಸ ಪಂಚೆಯೆಲ್ಲ ಡೀಸೆಲ್ ಆಯಿತೇ ಹೊರತು ಗಾಡಿ ಕೆಮ್ಮಲೂ ಇಲ್ಲ. ಪ್ರತಿ ಸಲವೂ ಕಾಯಿಗೆ ಕೈ ಮುಗಿದೇ ತಿರುಗಿಸುತ್ತಿದ್ದ.

“ಮಾವ, ಆ ಗಂಟು ಬಿಚ್ಚು. ಹಿಡಿ ಕೆಳಗೇ ನಿಂತಿದೆಯೇನೋ ನೋಡೋಣ,” ಎಂದ ನೆರೆಯವನು.

“ಗಾಡೀಲಿ ಎಲ್ಲಿ ಬೇಕಾದ್ರೂ ಕೈ ಹಾಕು. ಅದೊಂದನ್ನ ಮುಟ್ಟಬೇಡ. ಅದು ದೇವರದ್ದು.”

“ಕಾಯಿ ದೇವರದ್ದು, ಸರಿ. ಹಿಡಿ ಗಾಡೀದಲ್ವಾ? ಬೇಡ ಅಂದ್ರೆ ಹೂವನ್ನ ನನ್ನ ಟ್ರ್ಯಾಕ್ಟರಿಗೆ ಹಾಕು. ನಿಧಾನಕ್ಕಾದ್ರೂ ಮುಟ್ಟಿಸ್ತೀನಿ.”

“ಪೂಜೆ ಮಾಡಿದ ಗಾಡಿ ಬಿಟ್ಟು, ನಿಂಬೆಹಣ್ಣೂ ಕಾಣದ ನಿನ್ನ ಟ್ರ್ಯಾಕ್ಟರಲ್ಲಿ ಬರಲೇನೋ? ಸುಮ್ನಿರು!”

ಬಿಸಿಲು ಏರಿತು. ಹೂವು ಬಾಡತೊಡಗಿತು. ತಂಗಿಯ ಫೋನು ಬಂತು. “ಅಣ್ಣಾ, ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ. ಪುರೋಹಿತರು ಕೂಗ್ತಿದ್ದಾರೆ. ಎಲ್ಲಿದ್ದೀಯ?”

ರೈತ ಫೋನನ್ನು ಸೀಟಿನ ಮೇಲೆ ಎಸೆದ. ಸಿಟ್ಟೆಲ್ಲ ದೇವರ ಮೇಲೆ ತಿರುಗಿತು. “ಇನ್ನೂ ಏನು ಬೇಕಪ್ಪಾ ನಿನಗೆ! ತಗೋ, ಈಗಲೇ ತಗೋ!” ಎಂದು ಗಂಟನ್ನು ಕಿತ್ತು, ಕಾಯಿಯನ್ನು ಗಾಡಿಯ ಮುಂದಿನ ಕಲ್ಲಿಗೆ ಅಪ್ಪಳಿಸಿದ. ಒಳಗೆ ಹಿಡಿ ಮೇಲೇರಿತು. ಬಂದು ಕುಳಿತು ಬೀಗದ ಕೈ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಹೊತ್ತಿಕೊಂಡಿತು.

“ನೋಡಿದೆಯೇನೋ ಮಹಿಮೆ!” ಎಂದ ರೈತ. ನೆರೆಯವನು ಹಣೆ ಚಚ್ಚಿಕೊಂಡ.

ರೈತ ಹೋಗಿ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಯಾರೋ ದೂರದ ನೆಂಟ ಹುಡುಗಿಯ ಕೈ ಹಿಡಿದು ತಂದಿದ್ದ. ತಂಗಿ ಬೈಯಲಿಲ್ಲ. “ಊಟ ಮಾಡಿಕೊಂಡು ಹೋಗಣ್ಣಾ,” ಎಂದಳು, ಹೊರಗಿನವರಿಗೆ ಹೇಳುವ ಹಾಗೆ.

ಮುಂದಿನ ಅಮಾವಾಸ್ಯೆಗೆ ರೈತ ಅದೇ ಹಿಡಿಗೆ ಎರಡು ಕಾಯಿ ಕಟ್ಟಿದ.

ಕತೆ ಮುಗಿಯಿತು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ, ಗುರುಗಳೇ! ಗಾಡಿಯನ್ನೆಲ್ಲ ಬಿಚ್ಚಿದ, ಕಣ್ಣೆದುರಿಗಿದ್ದ ಗಂಟನ್ನು ಬಿಚ್ಚಲಿಲ್ಲ.”

ಗುರುಗಳು ಕೇಳಿದರು: “ಅದಿರಲಿ, ಜಗಲಿಯ ಮೇಲೆ ಕುಳಿತಿದ್ದ ನಿನ್ನಣ್ಣ ಏನು ಹೇಳಲು ಬಂದಿದ್ದನಪ್ಪಾ?”