ಒಣ ಸಿಂಬೆಗೂ ರಾಗಿ

"ಗುರುಗಳೇ, ದುಡಿಯದ ದಿನಕ್ಕೂ ಕೂಳು ಕೊಟ್ಟರೆ ಅದು ಧರ್ಮವೋ, ಸೋಮಾರಿಗೆ ಹಾಸಿಕೊಟ್ಟ ಚಾಪೆಯೋ?" ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣ ನೋಡಿಕೊಳ್ಳುವವನು ಅವನೇ. ಅಂಗಳ ಗುಡಿಸುವ ಹೆಂಗಸು ಜ್ವರವೆಂದು ಮೂರು ದಿನದಿಂದ ಬಂದಿರಲಿಲ್ಲ. ಅವಳ ಪಾಲಿನ ಅಕ್ಕಿ ಕಳಿಸಲೋ ಬೇಡವೋ ಎಂಬುದು ಅವನ ತೊಡಕು.

ಗುರುಗಳು ನಕ್ಕು, ಕಾಲು ಚಾಚಿ ಕೂತು, ಹೇಳಿದರು:

ಒಂದೂರಿಗೆ ಅಂಟುಜ್ವರ ಬಂತು. ಉಳ್ಳವರೆಲ್ಲ ಕದ ಹಾಕಿಕೊಂಡರು. ಕದ ಹಾಕಿಕೊಂಡರೂ ಬಾಯಾರುವುದು ಬಿಡುತ್ತದೆಯೇ? ಬಾವಿಯಿಂದ ಮನೆಮನೆಗೆ, ಅರಮನೆಗೂ, ನೀರು ಹೊರುವ ಹೆಂಗಸರು ಮಾತ್ರ ನಿಲ್ಲಲಿಲ್ಲ. ಅವರ ದಿನದ ಕೂಲಿ ರಾಜನ ಕಣಜದಿಂದ ಒಂದು ಸೇರು ರಾಗಿ. ಕಣಜದವನ ಕಟ್ಟಳೆ ಒಂದೇ. ತಲೆಯ ಮೇಲೆ ಕೊಡದಡಿಗೆ ಇಡುವ ಬಟ್ಟೆಯ ಸಿಂಬೆಯನ್ನು ಸಂಜೆ ಅವನ ಮುಂದೆ ನೀಡಬೇಕು, ಅವನು ಮುಟ್ಟಿ ನೋಡಬೇಕು. ಒದ್ದೆಯಾಗಿದ್ದರೆ ರಾಗಿ, ಒಣಗಿದ್ದರೆ ಬರಿಗೈ.

ಅವರಲ್ಲೊಬ್ಬಳಿಗೆ ಒಂದು ಬೆಳಿಗ್ಗೆ ಮೈ ಕಾದ ಹೆಂಚಾಯಿತು. ಮನೆಯಲ್ಲಿ ಎರಡು ಎಳೆಯ ಬಾಯಿ. ಮುಖ ತೊಳೆದು, ಸೆರಗು ಬಿಗಿದು, ಯಾರಿಗೂ ಹೇಳದೆ ಕೊಡ ಹೊತ್ತಳು.

ಅದೇ ಸಂಜೆ ರಾಜನಿಗೆ ಹುರುಪು ಬಂತು. ನೀರಿನ ಹೆಂಗಸರನ್ನು ಸನ್ಮಾನಿಸಬೇಕೆಂದು ಡೋಲು, ಓಲಗ, ಶಾಲು ಸಮೇತ ಕಣಜದ ಮುಂದೆ ಬಂದ. ಅವಳಿಗೆ ಶಾಲು ಹೊದಿಸುವಾಗ ಬೆರಳು ಕುತ್ತಿಗೆಗೆ ತಾಗಿ ಚುರ್ ಎಂದಿತು.

"ಇಷ್ಟು ಜ್ವರ ಇಟ್ಟುಕೊಂಡು ಯಾಕಮ್ಮ ಬಂದೆ?"

"ಮಲಗಿದರೆ ಸಿಂಬೆ ಒಣಗುತ್ತೆ ಬುದ್ಧಿ. ಈ ಶಾಲಿನಲ್ಲಿ ಮುದ್ದೆ ಕಟ್ಟೋಕಾಗುತ್ತಾ?"

ಓಲಗ ನಿಂತಿತು. ಮಧ್ಯಾಹ್ನ ತಾನು ಕುಡಿದದ್ದು ಇವಳೇ ಹೊತ್ತು ತಂದ ನೀರೆಂಬುದು ರಾಜನಿಗೆ ನೆನಪಾಯಿತು. ಕಣಜದವನಿಗೆ ಅಲ್ಲೇ ಅಪ್ಪಣೆ ಮಾಡಿದ: "ಇನ್ನು ಮೇಲೆ ಜ್ವರ ಬಂದವರ ಒಣ ಸಿಂಬೆಗೂ ರಾಗಿ ಅಳೆ. ಅವರ ಮನೆ ಬಾಗಿಲಿಗೇ ಹೋಗಿ ಅಳೆ, ಗುಣವಾಗುವ ತನಕ."

"ಹಾಗಾದರೆ ನಾಳೆ ಎಲ್ಲರೂ ಮಲಗಿಬಿಡುತ್ತಾರೆ, ಮಹಾಪ್ರಭು."

"ಮಲಗಿದವರ ಕೊಡ ನೀನು ಹೊರು."

ಮಾರನೆಯ ದಿನ ಐವರು ಮಲಗಿದರು. ಐವರಿಗೂ ನಿಜವಾದ ಜ್ವರವೇ. ಉಳಿದವರು ಎಂದಿನಂತೆ ಬಂದರು. ಕಣಜದವನು ಕೊಡ ಹೊತ್ತ. ಅರ್ಧ ನೀರು ದಾರಿಗೆ, ಅರ್ಧ ಪಂಚೆಗೆ. ಎಷ್ಟೋ ದಿನದ ಮೇಲೆ ಊರಿನ ಕಿಟಕಿಗಳಲ್ಲಿ ನಗು ಕೇಳಿಸಿತು. ದಿನ ಕಳೆದಂತೆ ಜ್ವರವೂ ಮನೆಯಿಂದ ಮನೆಗೆ ಹೋಗುವುದನ್ನು ಬಿಟ್ಟಿತು.

ಹನ್ನೆರಡು ದಿನ ಕಳೆದು ಅವಳು ಗುಣವಾಗಿ ಬಾವಿಕಟ್ಟೆಗೆ ಬಂದಳು. "ಏ ಇವಳೇ" ಎಂದೇ ಕರೆಯುತ್ತಿದ್ದ ಕಣಜದವನು "ಬಂದೆಯಾ ತಾಯಿ" ಎನ್ನುತ್ತ ಓಡಿಬಂದು, ಕೊಡವನ್ನು ಅವಳ ಕೈಗಿಟ್ಟು, ಕುತ್ತಿಗೆ ನೀವಿಕೊಂಡ. ಅವಳು ಅವನ ಸಿಂಬೆಯನ್ನು ಮುಟ್ಟಿ ನೋಡಿ, "ಒದ್ದೆ ಇದೆ ಸ್ವಾಮಿ. ನಿಮಗೂ ಒಂದು ಸೇರು" ಎಂದಳು.

ಶಿಷ್ಯ ನಕ್ಕ. ಆದರೂ ಅವನ ತೊಡಕು ಪೂರ್ತಿ ಬಿಟ್ಟಿರಲಿಲ್ಲ.

"ಎಲ್ಲ ಸರಿ ಗುರುಗಳೇ, ಆ ಹನ್ನೆರಡು ದಿನ ಅವಳು ಕೆಲಸವನ್ನೇ ಮಾಡಲಿಲ್ಲವಲ್ಲ?"

"ಜ್ವರವನ್ನು ಹೊಸ್ತಿಲು ದಾಟಲು ಬಿಡದೆ ಕಾದಳಲ್ಲ ಮಗು, ಆ ಹನ್ನೆರಡು ದಿನ ಅವಳಷ್ಟು ಕೆಲಸ ಮಾಡಿದವರು ಆ ಊರಿನಲ್ಲಿ ಇನ್ನಾರು?" ಎಂದರು ಗುರುಗಳು.